ರಿಲೇ ಅಂಟಿಕೊಂಡಿರಲಿಲ್ಲ

ರಿಲೇ ಅಂಟಿಕೊಂಡಿರಲಿಲ್ಲ. ಗೌರಕ್ಕನ ಚಾಕಿ ಮನೆಯಲ್ಲಿ ಆವತ್ತು ರೇಷ್ಮೆ ಹುಳು ಸತ್ತದ್ದು ಹನುಮಂತರಾಯನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಆವತ್ತೇ ಗೊತ್ತಿತ್ತು. ಆಮೇಲೆ ಯಾವಾಗಲೋ ತಿಳಿದದ್ದಲ್ಲ, ಅನುಮಾನ ಬಂದು ನಿಧಾನಕ್ಕೆ ಖಚಿತವಾದದ್ದೂ ಅಲ್ಲ — ಅಲ್ಲೇ, ಆ ಬಾಗಿಲಲ್ಲೇ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಗೌರಕ್ಕನ ಎದುರು, ಹುಳು ಒಯ್ಯಲು ಬಂದು ನಿಂತಿದ್ದ ಬೆಳೆಗಾರರ ಎದುರು, ನನ್ನ ಗೆಳೆಯನ ಎದುರು ಸುಳ್ಳು ಹೇಳಿದೆ. ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ — ಬಿಡಿ, ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಹೆಸರು ಶಿವಕುಮಾರ, ಊರು ಮಧುಗಿರಿ. ಅಪ್ಪ ಪೇಟೆಯಲ್ಲಿ ಬೆಲ್ಲ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ನನಗೆ ತಕ್ಕಡಿ ಒಗ್ಗಲಿಲ್ಲ, ಕಂಪ್ಯೂಟರ್ ಒಗ್ಗಿತು. ಹನುಮಂತರಾಯ ಶಿರಾ ಕಡೆಯ ಬರಗೂರಿನವನು, ಪಾಲಿಟೆಕ್ನಿಕ್ಕಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಓದು ಮುಗಿದ ಮೇಲೆ ಇಬ್ಬರೂ ಸೇರಿ ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ ಹಾಕಿದೆವು. ಮೋಟಾರು, ಹೀಟರು, ಫ್ಯಾನು ಇವನ್ನೆಲ್ಲ ತಾನಾಗಿಯೇ ನಡೆಸುವ ಕಂಟ್ರೋಲ್ ಪೆಟ್ಟಿಗೆಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಬೋರ್ಡಿಗೆ ಬೆಸುಗೆ ಹಾಕುವುದು, ವೈರು ಎಳೆಯುವುದು, ರಿಲೇ ಕೂರಿಸುವುದು ಅವನ ಪಾಲು. ಒಳಗಿನ ಪ್ರೋಗ್ರಾಂ ಬರೆಯುವುದು ನನ್ನ ಪಾಲು.

ಮುಂಗೋಪಿ ನಾನು, ಮೊದಲಿನಿಂದಲೂ. ಒಂದು ಸ್ಕ್ರೂ ಕಾಣದಿದ್ದರೆ ಅಂಗಡಿ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವನು ನಗುತ್ತಿದ್ದ. ಎಷ್ಟೇ ರೇಗಿದರೂ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಓಗ್ಲಿ ಬುಡ್ಲಾ ಸಿವು." ನನ್ನ ಪ್ರೋಗ್ರಾಂ ಅವನಿಗೆ ಅರ್ಥವಾಗುತ್ತಿರಲಿಲ್ಲ, ಅರ್ಥವಾದವನ ಹಾಗೆ ನಟಿಸುತ್ತಲೂ ಇರಲಿಲ್ಲ. "ನೀನ್ ಅದೇನ್ ಬರೀತೀಯೋ, ನನ್ ತಲೆಗೆ ಹತ್ತಕ್ಕಿಲ್ಲ. ಆದ್ರೆ ನೀನ್ ಬರ್ದಿದ್ದು ಕೈ ಕೊಡಕ್ಕಿಲ್ಲ ಬುಡು" ಎನ್ನುತ್ತಿದ್ದ. ಕೇಳಿ ಕೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ.

ಗೌರಕ್ಕನ ಚಾಕಿ ಮನೆ ಇರುವುದು ಕೊರಟಗೆರೆಯಿಂದ ಸಿದ್ದರಬೆಟ್ಟಕ್ಕೆ ಹೋಗುವ ದಾರಿಯಲ್ಲಿ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡನೇ ಜ್ವರ ಏಳುವವರೆಗೆ ಸಾಕಿ, ಆಮೇಲೆ ಬೆಳೆಗಾರರಿಗೆ ಕೊಡುವ ಜಾಗ ಅದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆ ಹೊತ್ತಿನಲ್ಲಿ ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಗೋಡೆಯ ಮೇಲಿನ ಕಿಂಡಿ ತೆರೆದು, ಬಾಗಿಲು ಮುಚ್ಚಿಬಿಡುತ್ತಾರೆ. ಪೊರೆ ಕಳಚಿ ಜ್ವರ ಏಳುವವರೆಗೆ ಗೌರಕ್ಕನ ಮನೆಯಲ್ಲಿ ಆ ಬಾಗಿಲನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಗೌರಕ್ಕ ಎಂದರೆ ಗೌರಕ್ಕನೇ. ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಬೀಡಿ ಸೇದಿದವನು ಅಂಗಳಕ್ಕೂ ಬರುವಂತಿಲ್ಲ, ದೇವರಿಗೆ ಹಚ್ಚಿದ ಊದುಬತ್ತಿಯ ಹೊಗೆ ಕೂಡ ಆ ಕಡೆ ಸುಳಿಯುವಂತಿಲ್ಲ. ಮೊದಲೆಲ್ಲ ಒಳಗೆ ಇದ್ದಿಲ ಒಲೆ ಇಟ್ಟು, ಶಾಖ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜ್ವರದ ಹೊತ್ತಿನಲ್ಲೂ ಒಮ್ಮೊಮ್ಮೆ ಇಣುಕಿ ನೋಡಲೇಬೇಕಾಗುತ್ತಿತ್ತು. ಅದು ಆಕೆಗೆ ಸರಿಬರುತ್ತಿರಲಿಲ್ಲ. "ಬಾಣಂತಿ ಕ್ವಾಣೆ ಇದ್ದಂಗೆ ಕಣಪ್ಪ ಇದು. ಸುಮ್‌ಸುಮ್ಕೆ ಬಾಗ್ಲು ತೆಗಿಬಾರ್ದು" ಎಂದು ನಮ್ಮನ್ನು ಕರೆಸಿದಳು. ನಾನು ಎದೆ ಉಬ್ಬಿಸಿಕೊಂಡು ಹೇಳಿದೆ — ಇನ್ನು ಮೇಲೆ ನೀನು ಇಣುಕುವುದೇ ಬೇಡ ಗೌರಕ್ಕ, ಬಾಗಿಲ ಪಕ್ಕದಲ್ಲಿ ಕೆಂಪು ಅಂಕಿಯ ಬೋರ್ಡು ಹಾಕಿಕೊಡುತ್ತೇನೆ, ಒಳಗೆ ಶಾಖ ಎಷ್ಟಿದೆ ಅಂತ ಅದೇ ಹೇಳುತ್ತೆ, ಅದನ್ನು ನಂಬಿಕೊಂಡು ನೀನು ನಿಶ್ಚಿಂತೆಯಾಗಿರು. ಪುಣ್ಯಾತ್ಗಿತ್ತಿ, ನಂಬಿದಳು.

ಈಗ ಆ ಪೆಟ್ಟಿಗೆಯ ಒಳಗೆ ಏನಿತ್ತು ಎಂದು ಹೇಳಬೇಕು. ಹೇಳದಿದ್ದರೆ ನನ್ನ ತಪ್ಪು ಎಂಥದ್ದೆಂದು ನಿಮಗೆ ಗೊತ್ತಾಗುವುದಿಲ್ಲ. ತಾಂತ್ರಿಕ ಮಾತಿನ ಹಿಂದೆ ಅಡಗಿಕೊಳ್ಳುವುದು ನನಗೆ ರೂಢಿ. ಇಲ್ಲಿ ಅದನ್ನು ಮಾಡುವುದಿಲ್ಲ.

ಪೆಟ್ಟಿಗೆಗೆ ಕರೆಂಟು ಬಂದ ಕೂಡಲೇ ಎದ್ದು, ಯಾರ ಕಣ್ಣಿಗೂ ಬೀಳದೆ ಸದಾ ಓಡುತ್ತಲೇ ಇರುವ ಒಂದು ಪ್ರೋಗ್ರಾಂ ಇರುತ್ತದೆ. ಅದಕ್ಕೆ ಡೀಮನ್ ಅನ್ನುತ್ತಾರೆ. ನಾನು ಅದನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಡೀಮನ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಒಂದೊಂದು ಕೆಲಸಕ್ಕೂ ಒಂದೊಂದು ಮರಿ ಪ್ರೋಗ್ರಾಂ ಹುಟ್ಟಿಸಿ ಕಳಿಸುತ್ತದೆ. ಒಂದು ಮರಿ ತೇವ ನೋಡಿಕೊಂಡು ಬರಬೇಕು, ಒಂದು ಮೆಸೇಜು ಕಳಿಸಬೇಕು. ಒಂದು ಮರಿ ಹೀಟರ್ ಹಾಕಿ, ಶಾಖ ಸರಿಯಾಗುವವರೆಗೆ ಕಾದು, ಹೀಟರ್ ಆರಿಸಿ ಹಿಂತಿರುಗಬೇಕು. ಮರಿ ಹೋದ ಕೆಲಸ ಏನಾಯಿತು ಎಂದು ತಾಯಿ, ಅಂದರೆ ಡೀಮನ್, ವಿಚಾರಿಸಬೇಕು. ಕೇಳಿದರೆ ಇಷ್ಟೇ. ಮಾಡಲು ಹೋದರೆ — ಥೂ! ತಲೆ ಕೆಟ್ಟು ಮೊಸರಾಗುತ್ತದೆ.

ನಾನು ಕೈಯಿಂದ ಓಡಿಸಿದರೆ ಸರಿಯಾಗಿ ಓಡುವ ಮರಿ, ಡೀಮನ್ ಓಡಿಸಿದರೆ ಓಡುವುದಿಲ್ಲ. ಯಾಕೆಂದು ಕೂದಲು ಕಿತ್ತುಕೊಂಡು ನೋಡಿದರೆ, ನನಗೆ ಗೊತ್ತಿರುವ ದಾರಿಗಳು ಡೀಮನ್ನಿಗೆ ಗೊತ್ತಿಲ್ಲ, ಪ್ರತಿಯೊಂದರ ವಿಳಾಸವನ್ನೂ ಪೂರ್ತಿಯಾಗಿ ಹೇಳಿಕೊಡಬೇಕು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಕೆಲಸ ಮುಗಿಸಿ ಸತ್ತ ಮರಿಗಳು ಪಟ್ಟಿಯಿಂದ ಹೋಗುತ್ತಿಲ್ಲ. ತಾಯಿ ವಿಚಾರಿಸುವವರೆಗೆ ಅವುಗಳ ಹೆಸರು ಅಲ್ಲೇ ಉಳಿಯುತ್ತದೆ. ಹಾಗೆ ಉಳಿದು ಉಳಿದು ಹೊಸ ಮರಿ ಹುಟ್ಟಿಸಲು ಜಾಗವೇ ಇಲ್ಲವಾಗುತ್ತದೆ. ಅದನ್ನು ಸರಿ ಮಾಡಿದರೆ ಮತ್ತೊಂದು. ಒಂದು ಹೀಟರ್ ಹಾಕಿ ಆರಿಸುವುದಕ್ಕೆ ಇಷ್ಟೊಂದು ಕಾಟವೇ ಎಂದು ಕೀಲಿಮಣೆಯನ್ನು ಕುಟ್ಟಿದ್ದಿದೆ. ಹನುಮಂತರಾಯ ಟೀ ತಂದಿಟ್ಟು, "ಒಸಿ ತಣ್ಣಗಾಗ್ಲಾ, ಅದೇನ್ ನಿನ್ ಹೆಂಡ್ತಿನಾ ಅಂಗ್ ಜಗ್ಳ ಆಡಕ್ಕೆ" ಎಂದು ಹೋಗುತ್ತಿದ್ದ.

ಕೊನೆಗೆ ಓಡಿತು. ಓಡಿತಲ್ಲ, ಸಾಕು ಎಂದುಕೊಂಡೆ. ಇನ್ನೂ ನೋಡಬೇಕಾದದ್ದು ಇದೆ ಎಂದು ಒಳಗೊಳಗೇ ಗೊತ್ತಿತ್ತು — ಮರಿ ಹಿಂತಿರುಗದೇ ಇದ್ದರೆ ಏನು ಮಾಡುವುದು, ಎಷ್ಟು ಹೊತ್ತು ಕಾಯುವುದು, ಕಾದು ಸಾಕಾದರೆ ಅದನ್ನು ಕೊಲ್ಲುವುದು ಹೇಗೆ, ಕೊಂದರೆ ಹೀಟರ್ ಆರಿಸುವವರು ಯಾರು. ಒಂದಕ್ಕೂ ಉತ್ತರ ಬರೆಯಲಿಲ್ಲ. ಬೇಸತ್ತಿದ್ದೆ. ಮುಂದಿನ ವಾರ ನೋಡೋಣ ಎಂದುಕೊಂಡೆ, ಆ ವಾರ ಬರಲೇ ಇಲ್ಲ.

ಸಾಲದ್ದಕ್ಕೆ ಇನ್ನೊಂದು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಪೆಟ್ಟಿಗೆ ಕೂರಿಸಿದ ದಿನ ಸುತ್ತಲಿನ ಬೆಳೆಗಾರರೆಲ್ಲ ನೋಡಲು ಬಂದಿದ್ದರು. ಸುಮ್ಮನೆ ಒಂದು ಅಂಕಿ ತೋರಿಸಿದರೆ ಏನು ಚೆನ್ನ? ಲ್ಯಾಪ್‌ಟಾಪಿನ ಪರದೆ ತುಂಬ ಅಕ್ಷರಗಳು ಸರಸರ ಓಡಬೇಕು, ಜನ ಬಾಯಿ ಬಿಡಬೇಕು! ಅದಕ್ಕೆಂದು ಹೀಟರಿನ ಮರಿ ಉಸಿರಿಗೊಂದು ಸಲ ವರದಿ ಒಪ್ಪಿಸುವ ಹಾಗೆ ಬರೆದೆ — ಈಗ ಶಾಖ ಇಷ್ಟು, ಈಗ ಇಷ್ಟು, ಹೀಟರ್ ಉರಿಯುತ್ತಿದೆ, ಇನ್ನೂ ಉರಿಯುತ್ತಿದೆ. ಆ ಮರಿಯನ್ನು ಲ್ಯಾಪ್‌ಟಾಪಿನಿಂದ ನಾನೇ ಕೈಯಾರೆ ಓಡಿಸಿ ತೋರಿಸಿದೆ, ಜನ ಬಾಯಿ ಬಿಟ್ಟರು. "ಅಬ್ಬಬ್ಬಾ, ಏನ್ ಓಡ್ತೈತೆ ನೋಡ್ರಲಾ" ಎಂದರು. ಹನುಮಂತರಾಯ ನನ್ನ ಬೆನ್ನು ತಟ್ಟಿದ. ಅವರೆಲ್ಲ ಹೋದ ಮೇಲೆ ಆ ಸಾಲುಗಳನ್ನು ತೆಗೆದುಹಾಕಬೇಕಿತ್ತು. ತೆಗೆಯಲಿಲ್ಲ.

ಮರಿ ಹೇಳುವ ಮಾತು ತಾಯಿಗೆ ತಲುಪುವುದು ಒಂದು ಪೈಪಿನ ಮೂಲಕ. ಆ ಪೈಪಿಗೆ ಒಂದು ಅಳತೆ ಇದೆ. ಈಚೆ ತುದಿಯಲ್ಲಿ ತಾಯಿ ಓದಿಕೊಂಡು ಖಾಲಿ ಮಾಡುತ್ತಿದ್ದರೆ ಸರಿ. ಓದದೇ ಹೋದರೆ ಪೈಪು ತುಂಬುತ್ತದೆ. ತುಂಬಿದ ಮೇಲೆ ಮರಿ ಮುಂದಿನ ಮಾತು ಹಾಕಲು ಹೋಗಿ, ಜಾಗವಾಗಲಿ ಎಂದು ನಿಂತುಬಿಡುತ್ತದೆ. ನಾನು ಬರೆದಿದ್ದ ತಾಯಿಯೋ — ಮರಿ ಕೆಲಸ ಮುಗಿಸಿ ಬರಲಿ, ಆಮೇಲೆ ಓದುತ್ತೇನೆ ಎಂದು ಕೂತವಳು. ಬಾಗಿಲಲ್ಲಿ ಎದುರುಬದುರಾದ ಬೀಗರು ನೀವು ಮೊದಲು, ನೀವು ಮೊದಲು ಎಂದು ನಿಂತ ಹಾಗೆ ಇಬ್ಬರೂ ನಿಂತರೆ, ನಿಂತೇಬಿಟ್ಟರು.

ಅದಕ್ಕೂ ಮುಂಚೆ ಹಾಗಾಗಿರಲಿಲ್ಲ. ಹೀಟರ್ ಸ್ವಲ್ಪ ಹೊತ್ತು ಉರಿದರೆ ಕೋಣೆ ಬೆಚ್ಚಗಾಗುತ್ತಿತ್ತು, ಪೈಪು ತುಂಬುವ ಮೊದಲೇ ಮರಿ ಹಿಂತಿರುಗುತ್ತಿತ್ತು. ಆ ದಿನ ಮಾತ್ರ ಬೆಳಗಿನಿಂದ ಮೋಡ, ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ. ಹುಳು ಎರಡನೇ ಜ್ವರಕ್ಕೆ ಕೂತಿದ್ದವು, ಕಿಂಡಿ ತೆರೆದಿತ್ತು. ಎಷ್ಟು ಉರಿದರೂ ಕೋಣೆ ಬೆಚ್ಚಗಾಗಲೊಲ್ಲದು. ಮರಿ ಪಾಪ ವರದಿ ಒಪ್ಪಿಸುತ್ತಲೇ ಇತ್ತು — ಉರಿಯುತ್ತಿದೆ, ಇನ್ನೂ ಉರಿಯುತ್ತಿದೆ — ಒಂದು ಗಳಿಗೆಯಲ್ಲಿ ಪೈಪು ತುಂಬಿತು, ಮರಿ ಮಾತಿನ ನಡುವೆಯೇ ನಿಂತಿತು. ಹೀಟರ್ ಆರಿಸುವ ಸಾಲಿಗೆ ಅದು ಬರಲೇ ಇಲ್ಲ. ಆಮೇಲೆ ಗಾಳಿ ನಿಂತಿತು, ಮೋಡ ಚದುರಿ ಮಾಡಿನ ಶೀಟಿನ ಮೇಲೆ ಬಿಸಿಲು ಬಿತ್ತು, ಒಳಗೆ ಹೀಟರ್ ಉರಿಯುತ್ತಲೇ ಇತ್ತು. ಹೊರಗಿನ ಬೋರ್ಡಿಗೆ ಅಂಕಿ ಕಳಿಸಬೇಕಾದ ಡೀಮನ್ ಮರಿಯನ್ನು ಕಾಯುತ್ತ ಕೂತಿತ್ತು. ಹಾಗಾಗಿ ಬೋರ್ಡಿನ ಮೇಲೆ ಹಿಂದೆ ಬಂದ ಅಂಕಿಯೇ ನಿಂತಿತ್ತು, ಕೆಂಪಗೆ, ನೋಡಿದವರಿಗೆ ಸರಿಯಾಗಿಯೇ ಕಾಣುವ ಅಂಕಿ.

ಗೌರಕ್ಕ ಆ ಬೋರ್ಡು ನೋಡಿದಳು. ಆಕೆಯ ಮನೆಯವರು ಬಂದು ಹೋಗುವಾಗಲೆಲ್ಲ ನೋಡಿದರು. ಜ್ವರದ ಬಾಗಿಲು, ಯಾರೂ ತೆರೆಯಲಿಲ್ಲ. ಬೇರೆ ದಿನ ಗಳಿಗೆಗೊಮ್ಮೆ ಕೈ ಕೊಡುವ ಕರೆಂಟು ಆ ದಿನ, ಆ ರಾತ್ರಿ ಹೋಗಲೇ ಇಲ್ಲ! ಹೋಗಿದ್ದರೆ ಅಷ್ಟು ಹೊತ್ತಾದರೂ ಹೀಟರ್ ಆರಿರುತ್ತಿತ್ತು. ಇದನ್ನು ನೆನೆದಾಗ ಈಗಲೂ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ರೇಗಲು ನನ್ನ ಬಿಟ್ಟರೆ ಬೇರೆ ಯಾರೂ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಫೋನು ಬಂತು. ಹನುಮಂತರಾಯನ ಬೈಕಿನಲ್ಲಿ ಇಬ್ಬರೂ ಹೋದೆವು. ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಬಂದ ಬಿಸಿಗೆ, ಆ ವಾಸನೆಗೆ ಹೆಜ್ಜೆ ಹಿಂದಕ್ಕೆ ಹೋಯಿತು. ಟ್ರೇ ಟ್ರೇಗಳಲ್ಲಿ ಹುಳು ಸುಣ್ಣದ ಪುಡಿಯ ಮೇಲೆ ಹಾಗೆಯೇ ಒಣಗಿ ಕಪ್ಪಾಗಿದ್ದವು, ಕೆಲವು ತಲೆ ಎತ್ತಿದ ಹಾಗೆಯೇ. ಗೌರಕ್ಕ ಹೀಟರಿನ ಮೇನ್ ಸ್ವಿಚ್ ಇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಅಂಗಳದಲ್ಲಿ ಬೆಳೆಗಾರರು. ತಮ್ಮ ಹುಳು ಮನೆಗಳನ್ನು ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಸೊಪ್ಪು ಸಿದ್ಧ ಮಾಡಿಕೊಂಡು ಹುಳು ಒಯ್ಯಲು ಬಂದವರು.

ಪೆಟ್ಟಿಗೆಗೆ ಬ್ಯಾಟರಿ ಇತ್ತು, ಅದಿನ್ನೂ ಓಡುತ್ತಿತ್ತು. ಬಾಗಿಲ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆರೆದೆ. ತಾಯಿ ಕಾಯುತ್ತಿದ್ದಾಳೆ. ಮರಿ ನಿಂತಿದೆ. ಎಲ್ಲಿ ನಿಂತಿದೆ ಎಂದು ನೋಡಿದೆ — ಬರೆಯಲು ಹೋಗಿ, ಪೈಪಿನ ಬಾಯಲ್ಲಿ. ಅಂಗಳದ ಜನ ಬಾಯಿ ಬಿಟ್ಟು ನೋಡಿದ್ದ ಆ ಸಾಲುಗಳು ನೆನಪಾದವು. ಹುಳು ಕೊಂದದ್ದು ನನ್ನ ಜಂಬ ಎಂದು ನನಗೆ ಅಲ್ಲೇ, ಆ ಕ್ಷಣದಲ್ಲೇ, ಪೂರ್ತಿಯಾಗಿ ಅರ್ಥವಾಯಿತು.

ಆಮೇಲೆ ಏನು ಮಾಡಿದೆ? ಪೆಟ್ಟಿಗೆಯ ಬ್ಯಾಟರಿ ಕಿತ್ತೆ. ಪರದೆ ಕಪ್ಪಾಯಿತು, ನಿಂತಿದ್ದ ಮರಿಯೂ ಹೋಯಿತು, ಪಟ್ಟಿಯೂ ಹೋಯಿತು. ಕೈ ತಾನಾಗಿಯೇ ಹೋಯಿತು ಎಂದು ಹಲವು ಸಲ ಹೇಳಿಕೊಂಡಿದ್ದೇನೆ. ಸುಳ್ಳು, ನಾನೇ ಕಿತ್ತದ್ದು.

ಹನುಮಂತರಾಯ ಅಷ್ಟರಲ್ಲಿ ರಿಲೇಯ ಮುಚ್ಚಳ ಬಿಚ್ಚಿದ್ದ. ರಿಲೇ ಎಂದರೆ ಹೀಟರಿಗೆ ಕರೆಂಟು ಬಿಡುವ, ತಡೆಯುವ ಪುಟ್ಟ ಸ್ವಿಚ್ಚು. ಟಕ್ ಎಂದು ಕೂರುತ್ತದೆ, ಟಕ್ ಎಂದು ಏಳುತ್ತದೆ. ಅಪರೂಪಕ್ಕೆ ಒಳಗಿನ ಲೋಹ ಕಾದು ಅಂಟಿಕೊಂಡು ಏಳದೇ ಹೋಗುವುದೂ ಉಂಟು. ಆ ರಿಲೇಯನ್ನು ಅವನು ಈಚೆಗಷ್ಟೇ ಬದಲಾಯಿಸಿದ್ದ. ಹಳೆಯದು ಯಾಕೋ ಸದ್ದು ಮಾಡುತ್ತದೆ ಎಂದು ತಾನಾಗಿಯೇ ಬಂದು ಬದಲಾಯಿಸಿ ಹೋಗಿದ್ದ.

ಗೌರಕ್ಕ ಎದ್ದು ಬಂದಳು. ಕಣ್ಣು ಒರೆಸಿಕೊಂಡಿರಲಿಲ್ಲ. "ಏನಾಗೈತೆ ಏಳ್ರಪ್ಪ. ಯಾರ್‌ದು ತಪ್ಪು, ನಿಮ್‌ದೋ ನಮ್‌ದೋ? ನಾನೇನಾರ ಮಾಡ್ಬಾರ್ದು ಮಾಡ್ಬುಟ್ನಾ?"

ಆಗ ಒಂದು ಮಾತು ಸಾಕಿತ್ತು. ನನ್ನದು ಗೌರಕ್ಕ — ಇಷ್ಟೇ. ಹೇಳಿದ್ದರೆ ಬೈಗುಳ ತಿನ್ನುತ್ತಿದ್ದೆ, ಅಂಗಡಿಗೆ ಕೆಟ್ಟ ಹೆಸರು ಬರುತ್ತಿತ್ತು, ಬದುಕುತ್ತಿದ್ದೆವು. ನಾನು ಲ್ಯಾಪ್‌ಟಾಪ್ ಮುಚ್ಚಿ, ಯಾರ ಮುಖವನ್ನೂ ನೋಡದೆ ಹೇಳಿದೆ:

"ಪ್ರೋಗ್ರಾಮ್ ಸರಿಯಾಗೈತೆ. ರಿಲೇ ಅಂಟ್ಕಂಡಿರ್ಬೇಕು."

ಹನುಮಂತರಾಯ ನನ್ನನ್ನು ನೋಡಿದ. ಜಗಳಕ್ಕೆ ಬರಲಿ ಎಂದು ಕಾದೆ, ದೇವರಾಣೆಗೂ ಕಾದೆ. ಲೇ, ಇನ್ನೊಂದು ಸಲ ಸರಿಯಾಗಿ ನೋಡಲಾ ಎಂದಿದ್ದರೆ ಸಾಕಿತ್ತು. ಅವನು ರಿಲೇಯನ್ನು ಕೈಯಲ್ಲಿ ಹಿಡಿದು ತಟ್ಟಿದ, ಬ್ಯಾಟರಿಗೆ ತಾಗಿಸಿದ. ಟಕ್ ಎಂದಿತು, ಸರಿಯಾಗಿಯೇ ಕೂತು ಎದ್ದಿತು. ಅದು ಸಾಕ್ಷಿ ಹೇಳುತ್ತಿತ್ತು. ರಿಲೇ ಅಂಟಿದ್ದರೆ ಏರಬೇಕಿದ್ದ ಬೋರ್ಡಿನ ಅಂಕಿ ಏರದೆ ನಿಂತದ್ದೂ ಸಾಕ್ಷಿಯೇ, ಅದನ್ನು ಯಾರೂ ಕೇಳಲಿಲ್ಲ. ಹನುಮಂತರಾಯ ರಿಲೇಯ ಮಾತು ಕೇಳಲಿಲ್ಲ, ನನ್ನ ಮಾತು ಕೇಳಿದ. ನನ್ನ ಸುಳ್ಳಿಗೆ ಬೇಕಾದ ಕಾರಣವನ್ನೂ ಅವನೇ ಹುಡುಕಿ ಕೊಟ್ಟ:

"ಈಗ್ ಬುಟ್ಕಂಡೈತೆ... ಆರಿದ್ ಮ್ಯಾಲೆ ಬುಟ್ಕಂಡಿರ್ಬೌದು ಕಣಕ್ಕ. ಸಿವು ಬರ್ದಿದ್ದು ತಪ್ಪಾಗಕ್ಕಿಲ್ಲ. ನಾನೇ ಹೋದ್ ಸಲ ಬದ್ಲಾಯ್ಸಿದ್ದು ಇದ್ನ. ನಂದೇ ತಪ್ಪು."

ಅಂಗಳದಲ್ಲಿ ನಿಂತಿದ್ದವರೆಲ್ಲ ಅವನ ಕಡೆ ತಿರುಗಿದರು. ಅವನು ಆ ರಿಲೇಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಗೌರಕ್ಕ ಅವನ ಎದುರಿಗೆ ಬಂದು, "ನೀನ್ ಒಳ್ಳೇ ಮನ್ಷನೇ ಕಣಪ್ಪ. ಆದ್ರೆ ನಿನ್ ಕೈ ಇನ್ ನನ್ ಮನೆಗ್ ಬ್ಯಾಡ" ಎಂದಳು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಚಾಕಿ ಮನೆಯವರು ಒಬ್ಬರಿಗೊಬ್ಬರು ಗೊತ್ತಿರುವವರು. ಕೊರಟಗೆರೆಯ ಮಾತು ಶಿರಾಕ್ಕೆ, ಮಧುಗಿರಿಗೆ, ಪಾವಗಡಕ್ಕೆ ಹೋಗಲು ಹೊತ್ತು ಬೇಕಾಗಲಿಲ್ಲ. ಪೆಟ್ಟಿಗೆ ಬೇಕು, ಆದರೆ ಆ ಹನುಮಂತರಾಯನ ಕೈಯಿಂದ ಬೇಡ ಎಂದರು. ಅದು ಹೋಗಲಿ, ಜನ ಮರೆಯುತ್ತಾರೆ. ಅವನ ಕೈಯೇ ಅವನನ್ನು ನಂಬದೇ ಹೋಯಿತು. ಹಾಕಿದ ಬೆಸುಗೆಯನ್ನು ಕಿತ್ತು ಮತ್ತೆ ಹಾಕುವನು, ಅದನ್ನೂ ಕೀಳುವನು. ವೈರು ಎಳೆದು ನೋಡುವನು, ಮನೆಗೆ ಹೊರಟವನು ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ಮತ್ತೆ ಎಳೆದು ನೋಡುವನು. ನಾನು ಎದುರಿಗೇ ಕೂತು ನೋಡುತ್ತಿದ್ದೆ. ಒಂದು ದಿನ ಅವನಿಗೇ ರೇಗಿದೆ ಕೂಡ — "ಒಂದು ವೈರಿಗೆ ಎಷ್ಟ್ ಹೊತ್ತೋ ಮಾರಾಯ!" ಎಂದು. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವನು, "ಓಗ್ಲಿ ಬುಡ್ಲಾ ಸಿವು, ನನ್ ಕೈಲಿ ಇನ್ ಆಗಕ್ಕಿಲ್ಲ" ಎಂದ. ಮಾರನೆಯ ದಿನದಿಂದ ಅಂಗಡಿಗೆ ಬರಲಿಲ್ಲ.

ಆ ವಾರವೇ ನಾನು ಪ್ರೋಗ್ರಾಂ ತಿದ್ದಿದೆ. ಮುಂದಿನ ವಾರ ನೋಡೋಣ ಎಂದು ತಳ್ಳಿದ್ದ ಕೆಲಸವನ್ನೆಲ್ಲ ಮಾಡಿದೆ. ಮರಿ ಮಾತಾಡುತ್ತಿರುವಾಗಲೇ ತಾಯಿ ಓದಿಕೊಳ್ಳುವ ಹಾಗೆ, ಹೇಳಿದ ಹೊತ್ತಿಗೆ ಮರಿ ಬಾರದಿದ್ದರೆ ಅದನ್ನೂ ಅದು ಹುಟ್ಟಿಸಿದ್ದನ್ನೂ ಸೇರಿಸಿ ಕೊಲ್ಲುವ ಹಾಗೆ, ಕೊಲ್ಲುವ ಮೊದಲು ಹೀಟರ್ ಆರಿಸುವ ಹಾಗೆ, ಏನೊಂದು ಅನುಮಾನ ಬಂದರೂ ಬೋರ್ಡಿನ ಅಂಕಿ ಅಳಿಸಿ ಕೂಗು ಹಾಕುವ ಹಾಗೆ. ಅಷ್ಟೊಂದು ಕಷ್ಟವೇನೂ ಇರಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಯಾಕೆ ತಿದ್ದಿದೆ ಎಂದು ಗೌರಕ್ಕ ಕೇಳಿದಾಗ, "ಇನ್ನೂ ಚೆನ್ನಾಗಿ ಮಾಡಿದ್ದೀನಿ" ಎಂದೆ. ಆಕೆ ಸಂತೋಷಪಟ್ಟಳು. ಈಗಲೂ ಆಕೆಯ ಮನೆಯಲ್ಲಿ ನನ್ನ ಪೆಟ್ಟಿಗೆಯೇ ಓಡುತ್ತಿದೆ. ಶಿರಾದಲ್ಲಿ, ಪಾವಗಡದ ಕಡೆ ಬೇರೆ ಚಾಕಿ ಮನೆಗಳಲ್ಲೂ ಓಡುತ್ತಿದೆ. ಅಂಗಡಿ ದೊಡ್ಡದಾಗಿದೆ.

ಹನುಮಂತರಾಯ ಪಾವಗಡದ ತಿರುಮಣಿಯಲ್ಲಿದ್ದಾನೆ. ಅಲ್ಲಿ ಹೊಲಗಳ ಮೇಲೆಲ್ಲ ಸೋಲಾರ್ ಹಲಗೆ ಹಾಸಿದ್ದಾರಲ್ಲ, ಅವುಗಳ ಧೂಳು ತೊಳೆಯುವ ಕೆಲಸಕ್ಕೆ ಸ್ವಂತ ಇಚ್ಛೆಯಿಂದ ಸೇರಿದ. ಡಿಪ್ಲೊಮಾ ಓದಿದವನು, ಕೇಳಿದ್ದರೆ ವೈರಿಂಗಿನ ಕೆಲಸವೇ ಸಿಗುತ್ತಿತ್ತು. ಕೇಳಲಿಲ್ಲ.

ಹೋದ ತಿಂಗಳು ಅವನು ಮಧುಗಿರಿಗೆ ಬಂದ, ಅಂಗಡಿಗೆ. ಬಿಸಿಲಿಗೆ ಕರಕಲಾಗಿದ್ದಾನೆ, ಮಾತಿನ ನಡುವೆ ತೆಲುಗು ನುಸುಳುತ್ತದೆ. ಬ್ಯಾಗಿನಿಂದ ಟವೆಲಿನಲ್ಲಿ ಸುತ್ತಿದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟ. ಅವನು ಬೆಸುಗೆ ಹಾಕುತ್ತಿದ್ದ ಸೋಲ್ಡರಿಂಗ್ ಐರನ್, ಪಾಲಿಟೆಕ್ನಿಕ್ ಕಾಲದ್ದು. ಹಿಡಿಯ ಮೇಲೆ ಅವನೇ ಸುತ್ತಿದ್ದ ಟೇಪು ಹಾಗೆಯೇ ಇತ್ತು.

"ಮಗ್ಳು ಇದ್ನ ಎತ್ಕಂಡು ಕುಂತವ್ಳೆ ಕಣ್ಲಾ. ಡಿಪ್ಲೊಮಾಕ್ಕೆ ಇದೇ ಓದ್ತೀನಿ ಅಂತಾಳೆ. ಬ್ಯಾಡ ಅಂದೆ. ನಮ್ಮನೆ ಕೈ ಇದಕ್ಕೆ ಆಗ್‌ಬರಕ್ಕಿಲ್ಲ. ನೀನೇ ಇಟ್ಕ, ಕಣ್ಣಿಗ್ ಬೀಳ್ದೆ ಇರ್ಲಿ."

ಆಗ ಹೇಳಲೇಬೇಕೆಂದು ಬಾಯಿ ತೆರೆದೆ. ನಿಜವಾಗಿ ತೆರೆದೆ. "ಹನುಮಂತ, ಆವತ್ತು ಗೌರಕ್ಕನ ಮನೇಲಿ..." ಎಂದೆ. ಅವನು ಕೈ ಅಡ್ಡ ಹಿಡಿದ.

"ನಂಗೊತ್ತು ಕಣ್ಲಾ. ಅದ್ನ ನಾನ್ ಮರ್ತಿಲ್ಲ. ಅಷ್ಟ್ ಜನ ನಿಂತಿದ್ರು, ನೀನ್ ನನ್ನ ಒಂದ್ ಮಾತು ಬೈಲಿಲ್ಲ. ನಿನ್ ಕ್ವಾಪ ನಂಗೊತ್ತಿಲ್ವಾ! ಬೇರೆ ಯಾರಾಗಿದ್ರೂ ಅಲ್ಲೇ ನನ್ ಮಾನ ಕಳೀತಿದ್ರು. ನೀನ್ ಪಕ್ಕದಾಗೇ ನಿಂತ್ಕಂಡೆ. ಸರ್ಲೇ, ಬಸ್ಸಿಗ್ ಹೊತ್ತಾಯ್ತು, ಬತ್ತೀನಿ."

ಹೋದ. ಅಯ್ಯೋ ಹನುಮಂತ, ನೀನೊಬ್ಬ! ಒಂದು ಸಲವಾದರೂ ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೇ? ನಿನಗೆ ನನ್ನ ಮೇಲೆ ಒಂದು ಸಾಸಿವೆಯಷ್ಟು ಅನುಮಾನ ಬಂದಿದ್ದರೆ ನಾನು ಆವತ್ತೇ ಸಿಕ್ಕಿಬೀಳುತ್ತಿದ್ದೆ. ನಿನ್ನ ಮೇಲೆ ರೇಗುತ್ತೇನೆ, ರೇಗಿದ ಮರುಕ್ಷಣ ನಾಚಿಕೆಯಾಗುತ್ತದೆ. ನಿನ್ನ ಒಳ್ಳೆಯತನವನ್ನೂ ನಿನ್ನ ತಪ್ಪಿಗೆ ಸೇರಿಸಲು ನೋಡುತ್ತಿದ್ದೇನೆ, ನೋಡು.

ನನ್ನ ಹೆಸರಿನ ಮಾತು ಮಾತ್ರ ಆಗಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ — ನನ್ನನ್ನು ನಾನು ಬಲ್ಲೆ. ಈಗ ಆ ಹುಡುಗಿ ಇದ್ದಾಳೆ. ಅರ್ಜಿ ಹಾಕುವ ದಿನ ಹತ್ತಿರ ಬಂದಿದೆ. ಅಪ್ಪನ ಕೈ ಕೆಟ್ಟದ್ದು, ಅದಕ್ಕೆ ನನ್ನ ಕೈಯೂ ಕೆಟ್ಟದ್ದು ಎಂದು ನಂಬಿಕೊಂಡು ಅವಳು ಬೇರೇನೋ ಓದಲು ಹೋಗುತ್ತಾಳೆ. ಹುಳು ಹೋದದ್ದು ಹೋಯಿತು, ಹನುಮಂತನ ಇಷ್ಟು ವರ್ಷವೂ ಹೋಯಿತು, ಅವನ್ನು ನಾನು ಹಿಂದಕ್ಕೆ ತರಲಾರೆ. ಇದಾದರೂ ಹೋಗಬಾರದು.

ನಾಳಿದ್ದು ಗೌರಕ್ಕನ ಮನೆಯಲ್ಲಿ ಹುಳು ಎರಡನೇ ಜ್ವರ ಏಳುತ್ತವೆ. ಬೆಳೆಗಾರರು ಬಂದು ಅಂಗಳದಲ್ಲಿ ನಿಂತಿರುತ್ತಾರೆ, ಆವತ್ತು ಇದ್ದವರಲ್ಲಿ ಬಹಳ ಮಂದಿ ಇವತ್ತೂ ಅಲ್ಲಿಂದಲೇ ಹುಳು ಒಯ್ಯುವವರು. ಕಾಲು ತೊಳೆದುಕೊಂಡು, ಆ ಬಾಗಿಲ ಪಕ್ಕದಲ್ಲೇ ನಿಂತು ಹೇಳುತ್ತೇನೆ. ರಿಲೇ ಅಂಟಿಕೊಂಡಿರಲಿಲ್ಲ, ನನ್ನ ಪ್ರೋಗ್ರಾಂ ನಿಂತಿತ್ತು, ನಾನು ನೋಡಿದೆ, ನೋಡಿಯೂ ಬ್ಯಾಟರಿ ಕಿತ್ತೆ. ಪೆಟ್ಟಿಗೆ ಕಿತ್ತುಕೊಂಡು ಹೋಗು ಎಂದರೆ ಕಿತ್ತುಕೊಂಡು ಬರುತ್ತೇನೆ. ಅಲ್ಲಿಂದ ಪಾವಗಡದ ಬಸ್ಸು, ಅಲ್ಲಿಂದ ತಿರುಮಣಿ. ಅವನ ಮಗಳು ಮನೆಯಲ್ಲಿರುವ ಹೊತ್ತಿಗೇ ಹೋಗುತ್ತೇನೆ. ಅವಳಿಗೂ ಕೇಳಿಸಬೇಕು. ಐರನ್ ಅವಳ ಕೈಗೇ ಕೊಡುತ್ತೇನೆ, ಅದನ್ನು ಆಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ, ಅವನು ಸುತ್ತಿದ್ದ ಟವೆಲಿನಲ್ಲೇ.

ಅವನು ಬೈದರೆ ಬೈಸಿಕೊಳ್ಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಮುಖ ನೋಡದೆ ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಪೂರ್ತಿ ಹೇಳಿ ಬರುತ್ತೇನೆ. ಅದಕ್ಕೆಲ್ಲ ನನಗೆ ಹೆದರಿಕೆಯಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, ಅವನು ಮತ್ತೆ ಅದೇ ದನಿಯಲ್ಲಿ "ಓಗ್ಲಿ ಬುಡ್ಲಾ ಸಿವು" ಎಂದುಬಿಟ್ಟರೆ —